ಹತ್ತೊಂಬತ್ತನೇ ತಾರೀಖು

ತಮ್ಮ ಸತ್ತಿದ್ದಾನೆಂದು ಗೊತ್ತಾದದ್ದು ಒಂದು ಬುಧವಾರ, ಬೆಳಿಗ್ಗೆ ಹತ್ತೂಕಾಲಿಗೆ. ಅಷ್ಟು ಹೊತ್ತಿಗೆ ಅವನು ಸತ್ತು ನಲವತ್ತೇಳು ವರ್ಷವಾಗಿತ್ತು. ತಾರೀಖಣ್ಣ ಬೆಳಗಿನ ಪ್ರಾರ್ಥನೆ ಮುಗಿಸಿ, ಮಹಡಿಯ ಮೇಲಿನ ತನ್ನ ಬಾಡಿಗೆ ಕೋಣೆಯಲ್ಲಿ ಕಿಟಕಿಗೆ ಮುಖಮಾಡಿ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದ. ಸೂಜಿಗೆ ದಾರ ಪೋಣಿಸುವುದರಲ್ಲೇ ಅರ್ಧ ಗಂಟೆ ಹೋಗಿತ್ತು. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕಣ್ಣು, ಅಲ್ಪವಿರಾಮ ಕೂದಲೆಳೆಯಷ್ಟು ಜಾರಿದ್ದರೂ ಹಿಡಿಯುತ್ತಿದ್ದ ಕಣ್ಣು, ಈಗ ಒಂದು ತೂತನ್ನು ಕಾಣಲಾರದಲ್ಲ ಎಂದು ಅವನಿಗೆ ಸಿಟ್ಟು ಬಂದಿತ್ತು. ಈಚೆಗೆ ಸಿಟ್ಟಿಗೆ ಇಂಥದೇ ಕಾರಣ ಬೇಕೆಂದಿರಲಿಲ್ಲ. ನಲ್ಲಿ ತೊಟ್ಟಿಕ್ಕಿದರೆ ಸಿಟ್ಟು, ನೀರು ನಿಂತರೆ ಸಿಟ್ಟು, ಯಾರಾದರೂ ಬಂದು ಬಾಗಿಲು ತಟ್ಟಿದರೆ ಸಿಟ್ಟು, ವಾರವಿಡೀ ಯಾರೂ ತಟ್ಟದಿದ್ದರೆ ಇನ್ನೂ ಸಿಟ್ಟು. ಮೆಟ್ಟಿಲ ಮೇಲೆ ಸದ್ದಾಯಿತು. ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ತಂಗಿ, ಅಳತೆಯ ಟೇಪು ಕೊರಳಲ್ಲಿ ಹಾಗೇ ನೇತಾಡುತ್ತಿರಲು, ಏದುಸಿರು ಬಿಡುತ್ತ ಬಂದು ಮಂಚದ ತುದಿಯಲ್ಲಿ ಕೂತಳು.

"ಅಣ್ಣ, ಆ ಸೂಜಿ ಕೆಳಗಿಡು."

"ಯಾಕೆ, ನೀನು ಹಚ್ಚಿಕೊಡ್ತೀಯಾ? ಹೋದ ತಿಂಗಳಿಂದ ಬಾಯಿ ಬಡ್ಕೋತಿದೀನಿ. ಊರವರ ರವಿಕೆಗೆಲ್ಲ ಪುರುಸೊತ್ತಿದೆ, ಅಣ್ಣನ ಗುಂಡಿಗಿಲ್ಲ."

"ಚಿಕ್ಕಣ್ಣ ಸಿಕ್ಕಿದಾನೆ."

ಆಮೇಲೆ ಆ ದಿನವಿಡೀ ಅವನನ್ನು ಚುಚ್ಚಿದ್ದು ತಾನು ಆ ಗಳಿಗೆಯಲ್ಲಿ ಆಡಿದ ಮಾತು. ಅಳಲಿಲ್ಲ, ದೇವರ ಹೆಸರು ಹೇಳಲಿಲ್ಲ. ನಲವತ್ತೇಳು ವರ್ಷದಿಂದ ನಾಲಗೆಯ ತುದಿಯಲ್ಲೇ ಕಾದಿದ್ದಂತೆ ಹೊರಬಂತು: "ಎಲ್ಲಿದ್ದನಂತೆ ಇಷ್ಟು ದಿನ, ದೊರೆ?"

"ಗಣಿಯಲ್ಲಿ," ಎಂದಳು ತಂಗಿ. "ಅಲ್ಲೇ ಇದ್ದ ಅಣ್ಣ. ಎಲ್ಲಿಗೂ ಹೋಗಿರಲಿಲ್ಲ."

ಹಳೆಯ ಸುಣ್ಣದಕಲ್ಲಿನ ಗಣಿಯ ಗುಂಡಿಯಲ್ಲಿ ನಿಂತಿದ್ದ ನೀರನ್ನು ಆರು ತಿಂಗಳಿಂದ ಪಂಪು ಹಾಕಿ ಎತ್ತುತ್ತಿದ್ದರು. ನೀರು ಇಳಿದ ಮೇಲೆ ಕುಸಿದ ಸುರಂಗದ ಒಂದು ಪಕ್ಕದ ಕವಲು ತೆರೆದುಕೊಂಡಿತು; ಅಲ್ಲಿ ಒಬ್ಬನ ಮೂಳೆ ಸಿಕ್ಕಿತು. ಕಾಣೆಯಾದವರ ಹಳೆಯ ದೂರುಗಳನ್ನು ಹುಡುಕಿದ ಕಚೇರಿಯವರು ತಂಗಿಯ ಅಂಗಡಿಗೆ ಬಂದು ರಕ್ತ ತೆಗೆದುಕೊಂಡು ಹೋದರು. ಇದೆಲ್ಲ ಆಗಿ ಎರಡು ತಿಂಗಳು. ನಿನ್ನೆ ವರದಿ ಬಂದಿತ್ತು.

"ಎರಡು ತಿಂಗಳು! ನನಗೊಂದು ಮಾತು ಹೇಳದೆ?"

"ಹೇಳಿದ್ರೆ ಬಯ್ತಿದ್ದೆ."

"ಬಯ್ಯದೆ ಮುದ್ದು ಮಾಡ್ತಿದ್ನಾ?"

"ಅದಕ್ಕೇ ಹೇಳಲಿಲ್ಲ. ಅಂಗಿ ಹಾಕ್ಕೋ, ಇನ್ನೊಂದು ಇದೆಯಲ್ಲ ನೀಲಿದು. ಇವತ್ತೇ ಬರಬೇಕಂತೆ ಇಬ್ಬರೂ. ಏನೋ ತಾರೀಖು ಹೊಂದ್ತಾ ಇಲ್ಲವಂತೆ."

ತಾರೀಖು ಹೊಂದುವುದಿಲ್ಲ ಎಂಬ ಮಾತನ್ನು ಅವನ ಮುಂದೆ ಆಡುವ ಧೈರ್ಯ ಅಚ್ಚುಕೂಟದಲ್ಲಿ ಯಾರಿಗೂ ಇರಲಿಲ್ಲ. ಯಾವ ವರ್ಷದ ಯಾವ ತಾರೀಖು ಹೇಳಿದರೂ ಎಲೆಯಡಿಕೆ ಅಗಿಯುವಷ್ಟರಲ್ಲಿ ಅದರ ವಾರ ಹೇಳುತ್ತಿದ್ದನೆಂದೇ ಅವನಿಗೆ ಆ ಹೆಸರು ಬಿದ್ದದ್ದು. ಅಚ್ಚಿನ ಮೊಳೆ ಜೋಡಿಸುವವರು ತಮ್ಮ ಮಕ್ಕಳು ಹುಟ್ಟಿದ ದಿನ ಕೇಳುತ್ತಿದ್ದರು, ಯಜಮಾನ ತನ್ನ ತಂದೆ ಸತ್ತ ದಿನ ಕೇಳುತ್ತಿದ್ದ, ಬೀದಿಯವರು ಮನೆ ಕಟ್ಟಿದ ದಿನ, ಹಾವು ಕಚ್ಚಿದ ದಿನ, ಜಗಳವಾದ ದಿನ. ಎಲ್ಲರ ಸತ್ತುಹೋದ ದಿನಗಳನ್ನೂ ಕೈ ಹಿಡಿದು ಎಬ್ಬಿಸಿ ನಿಲ್ಲಿಸುತ್ತಿದ್ದ ಅವನು ಒಂದೇ ಒಂದು ತಾರೀಖಿಗೆ ಎಂದೂ ಲೆಕ್ಕ ಹಾಕಿರಲಿಲ್ಲ. ಮರೆತು ಅಲ್ಲ. ಕತ್ತಲೆ ಕೋಣೆಯಲ್ಲಿ ಮೊನಚು ಮೂಲೆ ಎಲ್ಲಿದೆಯೆಂದು ಗೊತ್ತಿದ್ದವನು ಬಳಸಿಕೊಂಡು ನಡೆಯುವಂತೆ ಅದನ್ನು ಬಳಸಿಕೊಂಡು ನಡೆದಿದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. "ತಾತ, ಕೈ ಒಳಗೆ," ಎಂದ ಕಂಡಕ್ಟರನನ್ನು ದುರುಗುಟ್ಟಿ ನೋಡಿದ. ತಂಗಿ ಪಕ್ಕದಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ತಮ್ಮ ಕಾಣೆಯಾದಾಗ ಅವನಿಗೆ ಇಪ್ಪತ್ತು, ಅವಳಿಗೆ ಹನ್ನೊಂದು, ತಾರೀಖಣ್ಣನಿಗೆ ಇಪ್ಪತ್ತಾರು. ಆ ವರ್ಷದ ಗೋಡೆ ಕ್ಯಾಲೆಂಡರಿನ ಕರಡು ನೋಡಿದವನು ಅವನೇ. ಅಕ್ಟೋಬರಿಗೆ ಮೂವತ್ತೇ ದಿನವೆಂಬಂತೆ ನವೆಂಬರಿನ ಹಾಳೆಯನ್ನು ಮೊಳೆ ಜೋಡಿಸುವವನು ಜೋಡಿಸಿದ್ದ. ಶುಕ್ರವಾರ ಬರಬೇಕಾದ ಒಂದನೇ ತಾರೀಖು ಗುರುವಾರದ ಕೆಳಗೆ ಬಂದು ಕೂತಿತ್ತು, ಅಲ್ಲಿಂದ ತಿಂಗಳ ಕೊನೆಯವರೆಗೆ ಪ್ರತಿ ತಾರೀಖೂ ಒಂದು ದಿನ ಮುಂದೆ. ಅವನು ನೋಡಿ, ಸಹಿ ಹಾಕಿ ಕಳಿಸಿದ್ದ. ಎರಡು ಸಾವಿರ ಪ್ರತಿ ಅಚ್ಚಾದ ಮೇಲೆ ತಪ್ಪು ಸಿಕ್ಕಿತು. ಯಜಮಾನ ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಕೆಟ್ಟ ಪ್ರತಿಗಳನ್ನು ಕೆಲಸದವರೆಲ್ಲ ಮನೆಗೆ ಒಯ್ಯಿರಿ ಎಂದ. ಅಚ್ಚುಕೂಟದವರ ಮನೆಗಳಲ್ಲಿ ಸರಿಯಾದ ಕ್ಯಾಲೆಂಡರ್ ಎಂದೂ ತೂಗುತ್ತಿರಲಿಲ್ಲ. ಒಂದರಲ್ಲಿ ಬಣ್ಣ ಕದಡಿರುವುದು, ಒಂದರಲ್ಲಿ ಏಪ್ರಿಲ್ ಎರಡು ಸಲ. ಅವರ ಮನೆಯಲ್ಲಿ ನವೆಂಬರ್ ಬಂದಾಗ ಎಲ್ಲರೂ ಒಂದು ಕಳೆದುಕೊಂಡು ಓದುವುದನ್ನು ಕಲಿತರು. ಅಮ್ಮ ಅಂಗಡಿಗೆ ಹೋದರೆ, "ನಮ್ಮನೆ ತಾರೀಖು ಬಿಡಿ, ಊರಿನ ತಾರೀಖು ಎಷ್ಟು?" ಎಂದು ಕೇಳುತ್ತಿದ್ದಳು. ತಮ್ಮ ಮಾತ್ರ ಅದನ್ನು ಹಾಡಿ ಕುಣಿದ. ಮನೆ ಬಿಟ್ಟುಹೋಗುವ ಹಿಂದಿನ ದಿನ, ಭಾನುವಾರ, ಅಚ್ಚುಕೂಟದ ಮೇಲ್ವಿಚಾರಕ ಮನೆಗೆ ಬಂದು ಚಹಾ ಕುಡಿಯುತ್ತಿದ್ದಾಗ ಗೋಡೆಯ ಕಡೆ ಕೈ ತೋರಿಸಿ, "ನೋಡಿ ಸ್ವಾಮಿ, ಊರಿಗೆಲ್ಲ ಇವತ್ತು, ನಮ್ಮಣ್ಣನ ದಯೆಯಿಂದ ನಮ್ಮನೆಗೆ ಆಗಲೇ ನಾಳೆ. ನಾವು ಸಾಯೋದೂ ಒಂದು ದಿನ ಮುಂಚೆಯೇ," ಎಂದ. ಮೇಲ್ವಿಚಾರಕ ಚಹಾ ನೆತ್ತಿಗೇರುವಷ್ಟು ನಕ್ಕ. ಅವನು ಬೀದಿಯ ತಿರುವು ದಾಟುವವರೆಗೆ ಕಾದು, ಒಳಗೆ ಬಂದು, ತಾರೀಖಣ್ಣ ತಮ್ಮನ ಕೆನ್ನೆಗೆ ಹೊಡೆದ. ಒಂದಲ್ಲ, ಎರಡು. ಎರಡನೆಯದು ಬೇಕಿರಲಿಲ್ಲ. ಮೊದಲನೆಯದಕ್ಕೆ ತಮ್ಮ ಇನ್ನೂ ನಗುತ್ತಲೇ ಇದ್ದ, ಆ ನಗು ಅಳಿಸಲೆಂದು ಎರಡನೆಯದು.

"ಅಣ್ಣ, ಇಳಿಯೋ ಜಾಗ ಬಂತು."

"ಗೊತ್ತು. ನಾನೇನು ಕುರುಡನೇ?"

ಗಣಿ ದಾಖಲೆಯ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಪ್ರತಿ ಕಪಾಟಿನ ಮೇಲೂ ವರ್ಷದ ಚೀಟಿ, ನಡುವೆ ಒಂದು ಮೇಜು, ಮೇಜಿನಾಚೆ ಮೂವತ್ತು ದಾಟಿದ ಒಬ್ಬ ಹೆಂಗಸು. ಅವಳು ಎದ್ದು ನಿಂತು ಕುರ್ಚಿ ತೋರಿಸಿದಳು. ಅವಳ ಮರ್ಯಾದೆ ಅವನಿಗೆ ಹಿಡಿಸಲಿಲ್ಲ. ಕೆಟ್ಟ ಸುದ್ದಿ ಹೇಳುವವರು ಮಾತ್ರ ಹಾಗೆ ನಿಧಾನವಾಗಿ ಕುರ್ಚಿ ಎಳೆಯುತ್ತಾರೆ.

"ಯಜಮಾನ್ರೇ, ನಿಮ್ಮ ತಮ್ಮನವರದೇ ಅಂತ ವರದಿ ಬಂದಿದೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಅವರು ಹೇಗೆ ಹೋದ್ರು ಅಂತ ನಾನು ಇವತ್ತು ಷರಾ ಬರೀಬೇಕು. ಸುರಂಗ ಕುಸಿದಿದ್ದು ಆ ವರ್ಷ ನವೆಂಬರ್ ಹದಿನೆಂಟು, ಮಧ್ಯಾಹ್ನ ಮೂರಕ್ಕೆ. ಸತ್ತ ಹನ್ನೊಂದು ಜನರ ಹೆಸರು ಅಲ್ಲಿನ ಸ್ಮಾರಕದ ಕಲ್ಲಿನ ಮೇಲಿದೆ. ನಿಮ್ಮ ತಮ್ಮನವರ ಹೆಸರು ಹಾಜರಿ ಪುಸ್ತಕದಲ್ಲಿಲ್ಲ."

"ದಿನಗೂಲಿಗೆ ನಿಂತವರ ಹೆಸರು ಅವರು ಬರೀತಿರಲಿಲ್ಲ," ಎಂದಳು ತಂಗಿ. "ಅವತ್ತೇ ಬೆಳಿಗ್ಗೆ ಹೋಗಿ ನಿಂತವನ ಹೆಸರು ಯಾರು ಬರೀತಾರಮ್ಮ?"

"ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಗಣಿ ಕಂಪನಿಯವರು ಟಿಪ್ಪಣಿ ಕಳಿಸಿದಾರೆ." ಅವಳು ಕಾಗದವನ್ನು ಓದಲು ಮುಜುಗರ ಪಡುತ್ತಿದ್ದಳು. "ಮನೆಯವರ ದೂರಿನ ಪ್ರಕಾರ ಅವರು ಮನೆ ಬಿಟ್ಟಿದ್ದು ಹತ್ತೊಂಬತ್ತಕ್ಕೆ. ಅಂದ್ರೆ ಕುಸಿದ ಮಾರನೆ ದಿನ. ಆಗ ಗಣಿ ಮುಚ್ಚಿತ್ತು. ಹಾಗಾಗಿ... ಕಬ್ಬಿಣದ ಹಳಿ ಕದಿಯೋದಕ್ಕೆ ಅಂತ ಅನುಮತಿಯಿಲ್ಲದೆ ನುಗ್ಗಿದವರಿರಬಹುದು ಅಂತ ಬರೆದಿದಾರೆ."

"ಕಳ್ಳ?" ಎಂದ ತಾರೀಖಣ್ಣ. ಅವನ ದನಿಗೆ ಹೊರಗಿನ ಜವಾನ ಇಣುಕಿ ನೋಡಿದ. "ನನ್ನ ತಮ್ಮ ಕಳ್ಳನಾ? ಮೂಳೆಯಾಗಿ ಬಿದ್ದವನ ಮೇಲೆ ಕಳ್ಳತನ ಹೊರಿಸ್ತೀರಾ? ನಾಚಿಕೆ ಆಗಲ್ವಾ ನಿಮಗೆ?"

"ನಾನು ಬರೆದಿದ್ದಲ್ಲ ಯಜಮಾನ್ರೇ. ಬದಲಾಯಿಸೋದಕ್ಕೇ ನಿಮ್ಮನ್ನ ಕರೆಸಿದ್ದು." ಅವಳು ಕಡತದಿಂದ ಒಂದು ಹಾಳೆಯನ್ನು ಅವನ ಕಡೆ ತಿರುಗಿಸಿದಳು. "ಈ ದೂರು ನಿಮ್ಮದೇ ತಾನೆ?"

ಅವನದೇ. ಹಳದಿಗಟ್ಟಿದ ಹಾಳೆಯ ಮೇಲೆ ಅವನ ಇಪ್ಪತ್ತಾರರ ಕೈಬರಹ, ಸಾಲಿನಿಂದ ಸಾಲಿಗೆ ಒಂದೇ ಅಂತರ, ಎಡಗಡೆ ಎರಡು ಬೆರಳಿನ ಅಂಚು. ತಮ್ಮ ಹೋಗಿ ಒಂಬತ್ತು ದಿನವಾದ ಮೇಲೆ ಬರೆದದ್ದು. ಒಂಬತ್ತು ದಿನ, ಬರಲಿ ಮಗ ಹೊಟ್ಟೆ ಹಸಿದಾಗ ಎಂದು ಕಾದಿದ್ದ. ಅಮ್ಮ ಎರಡು ಹೊತ್ತೂ ತಟ್ಟೆ ಹಾಕಿ ಎತ್ತುತ್ತಿದ್ದುದನ್ನು ನೋಡಲಾರದೆ, ಕ್ಯಾಲೆಂಡರಿನ ಕೆಳಗಿನ ಮೇಜಿಗೆ ಕೂತು ಒಂದೇ ಉಸಿರಿಗೆ ಬರೆದ. ಮೇಲೆ ದಿನಾಂಕದ ಜಾಗ ಖಾಲಿ ಬಿಟ್ಟಿದ್ದ. ಅಲ್ಲಿ ಠಾಣೆಯ ಮೊಹರು ಬಿದ್ದಿತ್ತು. 'ನನ್ನ ಕಿರಿಯ ತಮ್ಮನು ದಿನಾಂಕ ಹತ್ತೊಂಬತ್ತರಂದು, ವಾರದ ರಜೆಯಾದ ಭಾನುವಾರದ ಮರುದಿನ ಬೆಳಗಿನ ಜಾವ, ಯಾವ ಕಾರಣವೂ ಇಲ್ಲದೆ ಮನೆ ಬಿಟ್ಟು ಹೋಗಿರುತ್ತಾನೆ.' ಯಾವ ಕಾರಣವೂ ಇಲ್ಲದೆ. ಕರಡು ತಿದ್ದುವವನ ಭಾಷೆ, ಎಲ್ಲಿಯೂ ಒಂದು ಕಲೆ ಇಲ್ಲ.

"ಎರಡು ಸಲ ಓದಿದೆ," ಎಂದಳು ಆ ಹೆಂಗಸು. "ಭಾನುವಾರದ ಮರುದಿನ ಅಂತ ನೀವೇ ಬರೆದಿದೀರಿ. ಆ ವರ್ಷ ಹತ್ತೊಂಬತ್ತು..." ಅವಳು ಮೇಜಿನ ಮೇಲಿದ್ದ ಫೋನಿಗೆ ಕೈ ಹಾಕಿದಳು.

"ಬೇಡ," ಎಂದು ಗದರಿದ. "ಅದನ್ನು ಮುಟ್ಟಬೇಡ. ನಾನು ಹೇಳ್ತೀನಿ."

ಲೆಕ್ಕ ಹಾಕಲು ಕಾಗದ ಬೇಕಿರಲಿಲ್ಲ, ಆದರೂ ಬೆರಳುಗಳು ಮೇಜಿನ ಅಂಚನ್ನು ಹಿಡಿದುಕೊಂಡವು. ವರ್ಷವೊಂದಕ್ಕೆ ಐವತ್ತೆರಡು ವಾರ ಹೋಗಿ ಒಂದು ದಿನ ಉಳಿಯುತ್ತದೆ. ನಲವತ್ತೇಳು ವರ್ಷಕ್ಕೆ ನಲವತ್ತೇಳು ದಿನ. ನಡುವೆ ಅಧಿಕ ವರ್ಷಗಳು ಹನ್ನೆರಡು. ಅವುಗಳಲ್ಲೊಂದರಲ್ಲಿ ಅಮ್ಮ ಹೋಗಿದ್ದಳು, ಒಂದರಲ್ಲಿ ಅಚ್ಚುಕೂಟ ಮುಚ್ಚಿತ್ತು, ಒಂದರಲ್ಲಿ ತಂಗಿಯ ಗಂಡ ತೀರಿಕೊಂಡಿದ್ದ. ಹನ್ನೆರಡು ಸೇರಿಸಿದರೆ ಐವತ್ತೊಂಬತ್ತು. ಐವತ್ತೊಂಬತ್ತರಲ್ಲಿ ಏಳೇಳಾಗಿ ಕಳೆದರೆ ಉಳಿಯುವುದು ಮೂರು. ಈ ವರ್ಷ ಹದಿನೆಂಟು ಬಂದದ್ದು ಹೋದ ಗುರುವಾರ. ಆವತ್ತು ಅವನು ಚಪ್ಪಲಿಗೆ ಹೊಲಿಗೆ ಹಾಕಿಸಿಕೊಂಡು ಬಂದು, ಬೇಗ ಊಟ ಮಾಡಿ ಮಲಗಿದ್ದ. ಗುರುವಾರದಿಂದ ಮೂರು ಹಿಂದಕ್ಕೆ: ಬುಧ, ಮಂಗಳ, ಸೋಮ.

"ಹದಿನೆಂಟೇ ಸೋಮವಾರ," ಎಂದ. "ಹತ್ತೊಂಬತ್ತು ಮಂಗಳವಾರ. ಭಾನುವಾರದ ಮರುದಿನ ಹತ್ತೊಂಬತ್ತು ಅಲ್ಲ."

ಅವಳು ಆದರೂ ಫೋನು ನೋಡಿದಳು, ನೋಡಿ ತಲೆಯಾಡಿಸಿದಳು. ಜೀವಮಾನದ ವಿದ್ಯೆಯನ್ನು ಅಂಗೈಯಗಲದ ಒಂದು ಗಾಜು ಸರಿಯೆಂದು ಒಪ್ಪಿದ್ದಕ್ಕೆ ಅವನಿಗೆ ಆ ಗಾಜನ್ನು ಎತ್ತಿ ಗೋಡೆಗೆ ಅಪ್ಪಳಿಸಬೇಕೆನ್ನಿಸಿತು.

"ಅಂದ್ರೆ ಚಿಕ್ಕಣ್ಣ ಹೋಗಿದ್ದು ಹದಿನೆಂಟಕ್ಕೆ," ಎಂದಳು ತಂಗಿ. "ನಾನು ಸೋಮವಾರ, ಸೋಮವಾರ ಅಂತ ಎಷ್ಟು ಸಲ ಬಡ್ಕೊಂಡೆ. ಮುಚ್ಚು ಬಾಯಿ, ಹನ್ನೊಂದು ವರ್ಷದವಳಿಗೆ ಏನು ಗೊತ್ತು ಅಂದೆ ನೀನು. ಅದು ಆ ಹಾಳು ಕ್ಯಾಲೆಂಡರಿನ ತಾರೀಖು, ಅಲ್ವಾ? ನಮ್ಮನೆ ತಾರೀಖು ಬರೆದೆ."

"ಹೌದು. ನಮ್ಮನೆ ತಾರೀಖು ಬರೆದೆ."

"ನೋಡಿ, ಇಷ್ಟೇ ಸಾಕು," ಎಂದಳು ಮೇಜಿನಾಚೆಯವಳು, ಹಗುರಾದ ದನಿಯಲ್ಲಿ. "ತಪ್ಪು ಹೇಗಾಯ್ತು ಅಂತ ಬರೆದುಕೊಡಿ, ಅವರ ಹೆಸರು ಹನ್ನೆರಡನೆಯದಾಗಿ ಸೇರುತ್ತೆ. ಒಂದೇ ಒಂದು ಪ್ರಶ್ನೆ, ಕಂಪನಿಯವರು ಕೇಳೇ ಕೇಳ್ತಾರೆ. ದೂರು ಕೊಟ್ಟು ಎರಡು ತಿಂಗಳಿಗೆ ನೀವು ಗಣಿ ಕಚೇರಿಗೆ ಹೋಗಿದ್ರಿ ಅಂತ ಅವರ ಪುಸ್ತಕದಲ್ಲಿದೆ. ಆಗ ಈ ದೂರಿನ ಪ್ರತಿ ನಿಮಗೆ ತೋರಿಸಿದ್ರಾ? ಆವತ್ತೇ ಗೊತ್ತಿದ್ದೂ ಯಾಕೆ ಸುಮ್ಮನಿದ್ರು ಅಂತ ಕೇಳಬಹುದು. ನೆನಪಿಲ್ಲ ಅಂದ್ರೂ ನಡೆಯುತ್ತೆ. ನಲವತ್ತೇಳು ವರ್ಷ, ಯಾರಿಗೆ ನೆನಪಿರುತ್ತೆ?"

ನೆನಪಿಲ್ಲ ಎಂಬ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬಂದು ಕೂತಿತು! ಎಪ್ಪತ್ತಮೂರು ವರ್ಷದವನಿಗೆ ಅದನ್ನು ಯಾರೂ ದಾನ ಕೊಡಬೇಕಿಲ್ಲ. ಆದರೆ ಗಣಿ ಕಚೇರಿಯ ಆ ಹಸಿರು ಬಟ್ಟೆ ಹೊದಿಸಿದ ಮೇಜು, ಅದರ ಮೇಲೆ ಸುಣ್ಣದ ಬಿಳಿ ಪುಡಿ, ಗುಮಾಸ್ತನ ಕಿವಿಯ ಸಂದಿಯಲ್ಲಿದ್ದ ಪೆನ್ಸಿಲು ಎಲ್ಲವೂ ನಿನ್ನೆಯಂತೆ ಇದ್ದವು. ಲಾರಿಯವನೊಬ್ಬ ತಮ್ಮನನ್ನು ಗಣಿಯ ಬಾಗಿಲ ಸಾಲಿನಲ್ಲಿ ಕಂಡೆ, ದಿನ ಮಾತ್ರ ಗೊತ್ತಿಲ್ಲ ಎಂದು ಹೇಳಿದ್ದಕ್ಕೆ ಅವನು ಹೋಗಿದ್ದ. ಗುಮಾಸ್ತ ದೂರಿನ ಪ್ರತಿ ತೆಗೆದು, "ಹದಿನೆಂಟಕ್ಕೆ ಕುಸೀತು, ನೀವು ಹತ್ತೊಂಬತ್ತಕ್ಕೆ ಮನೇಲಿದ್ದ ಅಂತೀರಿ. ಸತ್ತ ಮಾರನೆ ದಿನ ನಿಮ್ಮನೇಲಿ ಕಾಫಿ ಕುಡಿದನಾ?" ಎಂದು ನಕ್ಕ. ತಾರೀಖಣ್ಣ ಹಾಳೆಯನ್ನು ಕೈಗೆ ತೆಗೆದುಕೊಂಡು ಓದಿದ. ಹತ್ತೊಂಬತ್ತರಂದು, ಭಾನುವಾರದ ಮರುದಿನ. ಅವನ ಕಣ್ಣು ಅಲ್ಲಿ ನಿಂತಿತು. ಆ ಕಣ್ಣು ನಿಲ್ಲದೆ ಹೇಗೆ ಹೋದೀತು? ತಪ್ಪಿದ್ದಲ್ಲಿ ನಿಲ್ಲುವುದೇ ಅದರ ಕಸುಬು. ಇನ್ನೊಂದು ಗಳಿಗೆ ನಿಂತಿದ್ದರೆ ಲೆಕ್ಕ ತಾನೇ ತಾನಾಗಿ ಮುಗಿಯುತ್ತಿತ್ತು. ಅವನು ಹಾಳೆಯನ್ನು ಮಡಿಸಿ ಹಿಂದಕ್ಕೆ ಕೊಟ್ಟು, "ಹೌದು, ಹತ್ತೊಂಬತ್ತಕ್ಕೆ ಇದ್ದ," ಎಂದ. ಮನೆಗೆ ಬಂದು ಅಮ್ಮನಿಗೆ ಹೇಳಿದ: ಅವನು ಅಲ್ಲಿಲ್ಲ, ಕುಸಿದದ್ದು ಹಿಂದಿನ ದಿನ. ಅಮ್ಮ ಅವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅವಳ ಮಗನನ್ನು ಉಳಿಸಿಕೊಟ್ಟವನು ಅವನೇ ಎಂಬಂತೆ.

ಉಳಿಸಿದ್ದು ಯಾರನ್ನು? ಹೊಡೆದ ಮಾರನೆಯ ಮಧ್ಯಾಹ್ನ ಮೂರು ಗಂಟೆಗೆ, ಕೆನ್ನೆಯ ಮೇಲಿನ ಬೆರಳ ಗುರುತು ಮಾಸುವ ಮುಂಚೆ ತಮ್ಮ ಸತ್ತನೆಂದು ತಿಳಿದು ಬದುಕಬೇಕಾಗಿದ್ದ ತನ್ನನ್ನು. ಓಡಿಹೋದ ತಮ್ಮನನ್ನು ಬಯ್ಯಬಹುದು. ಅವನು ಬಯ್ದಿದ್ದ, ಹೊಟ್ಟೆ ತುಂಬ ಬಯ್ದಿದ್ದ, ಒಂದು ಕಾಗದ ಬರೆಯದ ಕೃತಘ್ನ, ಹೆತ್ತವಳನ್ನು ಕೊಂದವ ಎಂದು ಅಮ್ಮನ ಹೆಣದ ಮುಂದೆಯೂ ಬಯ್ದಿದ್ದ.

"ಅಣ್ಣ, ನೆನಪಿಲ್ಲ ಅಂತ ಬರಿ, ಹೋಗೋಣ," ಎಂದಳು ತಂಗಿ.

"ತೋರಿಸಿದ್ರು," ಎಂದ ತಾರೀಖಣ್ಣ. "ಓದಿದೆ. ತಪ್ಪು ಕಂಡಿತು. ಕಂಡೂ ಹತ್ತೊಂಬತ್ತೇ ಅಂತ ಹೇಳಿ ಬಂದೆ."

ತಂಗಿ ನಿಧಾನವಾಗಿ ಕೊರಳಿನ ಟೇಪನ್ನು ತೆಗೆದು, ಸುರುಳಿ ಸುತ್ತಿ, ಮುಷ್ಟಿಯಲ್ಲಿ ಹಿಡಿದಳು. ಅವಳು ಕೂಗಿದ್ದರೆ ಅವನು ತಿರುಗಿ ಕೂಗಬಹುದಾಗಿತ್ತು.

"ಅಮ್ಮ ಇಪ್ಪತ್ತೆರಡು ವರ್ಷ ಬಾಗಿಲಿಗೆ ಚಿಲಕ ಹಾಕದೆ ಮಲಗಿದ್ಳು," ಎಂದಳು. "ಕಳ್ಳರು ಬರ್ತಾರೆ ಅಂತ ನೀನು ಎದ್ದು ಹಾಕ್ತಿದ್ದೆ, ಅವಳು ಮತ್ತೆ ಎದ್ದು ತೆಗೀತಿದ್ಳು. ಹಾಕುವಾಗ ಏನನ್ನಿಸ್ತಿತ್ತು ನಿನಗೆ? ಹೇಳು. ಏನಾದ್ರೂ ಅನ್ನಿಸ್ತಿತ್ತಾ?"

"ಸಿಟ್ಟು ಬರ್ತಿತ್ತು."

"ಯಾರ ಮೇಲೆ?"

ಮೇಜಿನಾಚೆಯವಳು ತಲೆ ತಗ್ಗಿಸಿ ಒಂದು ಬಿಳಿ ಹಾಳೆ, ಒಂದು ಪೆನ್ನು ಮುಂದಿಟ್ಟಳು. ಅವನು ಬರೆದ. ಮೊದಲ ಸಾಲು ವಾಲಿತು, ಎರಡನೆಯದು ಮತ್ತೂ ವಾಲಿತು. ಹೊಡೆದು ಹಾಕಿ ಮೇಲೆ ಬರೆದ. ಆ ಭಾನುವಾರ ತಮ್ಮನಿಗೆ ಎರಡು ಏಟು ಹೊಡೆದದ್ದನ್ನು ಬರೆದ. ತಾನು ಕರಡು ನೋಡಿದ ಕ್ಯಾಲೆಂಡರು ತಪ್ಪಾಗಿದ್ದುದನ್ನು ಬರೆದ. ಗಣಿ ಕಚೇರಿಯಲ್ಲಿ ಓದಿದ್ದನ್ನು, ಮಡಿಸಿ ಕೊಟ್ಟದ್ದನ್ನು ಬರೆದ. ನನ್ನ ತಮ್ಮ ಕಳ್ಳನಲ್ಲ, ದುಡಿಯಲು ಹೋದವನು ಎಂದು ಬರೆದು ಸಹಿ ಹಾಕಿದ. ಅವಳು ಹಾಳೆಯನ್ನು ಎರಡು ಸಲ ಓದಿ, ಕಡತದಲ್ಲಿ ತನ್ನ ಷರಾ ಬರೆದು, ಅದನ್ನು ಅವನಿಗೇ ತಿರುಗಿಸಿ ತೋರಿಸಿದಳು. ಹನ್ನೆರಡನೆಯ ಸಾಲಿನಲ್ಲಿ ತಮ್ಮನ ಹೆಸರಿತ್ತು. ಕಾಗುಣಿತ ಸರಿಯಾಗಿತ್ತು. ಅದಕ್ಕೂ ಅವನಿಗೆ ಸಿಟ್ಟು ಬಂತು. ಇಷ್ಟಕ್ಕೆ ಅರ್ಧ ಗಂಟೆ ಸಾಕಾಗಿತ್ತಲ್ಲ.

ಮೂಳೆಗಳಿದ್ದ ಪೆಟ್ಟಿಗೆ ಕೆಳಗಿನ ಮಹಡಿಯ ಒಂದು ಕೋಣೆಯಲ್ಲಿತ್ತು. ಬೀಗ ತೆಗೆದ ಜವಾನ ಹೊರಗೆ ನಿಂತ. ಪೆಟ್ಟಿಗೆ ತೊಟ್ಟಿಲಿಗಿಂತ ದೊಡ್ಡದೇನಲ್ಲ. ತಂಗಿ ಅದರ ಮೇಲೆ ಎರಡೂ ಕೈ ಇಟ್ಟು, "ಚಿಕ್ಕಣ್ಣ," ಎಂದು ಕರೆದು, ಹನ್ನೊಂದು ವರ್ಷದವಳಂತೆ ಬಿಕ್ಕಿದಳು. ಅಣ್ಣನ ಕಡೆ ನೋಡಲಿಲ್ಲ. ಅವನು ಬಾಗಿಲ ಬಳಿಯೇ ನಿಂತಿದ್ದ. ಒಳಗೆ ಬಾ ಎಂದು ಅವಳು ಹೇಳಲಿಲ್ಲ, ಹೊರಗೆ ಹೋಗು ಎಂದೂ ಹೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ತಿರುಗದೆಯೇ, "ನಿಂಗೆ ಪ್ರಾರ್ಥನೆ ಬರುತ್ತಲ್ಲ, ಮಾಡು," ಎಂದಳು. "ನಂಗೆ ಬಾಯಿ ಬರ್ತಿಲ್ಲ."

ಅವನು ಮೊಣಕಾಲೂರಲು ಹೋದ. ಕಾಲು ಕೇಳಲಿಲ್ಲ, ಗೋಡೆ ಹಿಡಿದು ಕೂತ. ಬಾಯಿಗೆ ಮೊದಲು ಬಂದದ್ದು ದಿನವೂ ಹೇಳುತ್ತಿದ್ದ ಮಾತೇ: ಎಲ್ಲಿದ್ದರೂ ಅವನನ್ನು ಚೆನ್ನಾಗಿಟ್ಟಿರು. ಅದನ್ನು ನುಂಗಿಕೊಂಡ. ದೇವರ ಮೇಲೂ ಸಿಟ್ಟಿತ್ತು. ಎಲ್ಲ ಕಂಡೂ, ಬೆಳಿಗ್ಗೆ ಬೆಳಿಗ್ಗೆ ಆ ಸುಳ್ಳು ಪ್ರಾರ್ಥನೆಯನ್ನು ಕೇಳಿಸಿಕೊಂಡು ಸುಮ್ಮನಿದ್ದವನಲ್ಲವೆ ಅವನು? ಆ ಸಿಟ್ಟಿನೊಡನೆಯೇ ಕೈ ಮುಗಿದ, ತಮ್ಮನಿಗೆ ಹೊಡೆದ ಆ ಕೈ ಬಿಟ್ಟು ಬೇರೆ ಕೈ ಅವನ ಬಳಿ ಇರಲಿಲ್ಲ.

"ದೇವರೇ, ಇವನು ನನ್ನ ತಮ್ಮ. ಇಪ್ಪತ್ತು ವರ್ಷದವನು. ಬೆಳಿಗ್ಗೆ ಏನೂ ತಿನ್ನದೆ ಮನೆ ಬಿಟ್ಟು, ಮಧ್ಯಾಹ್ನ ನಿನ್ನ ಹತ್ತಿರ ಬಂದ. ನಾನು ಅವನ ಬಗ್ಗೆ ಆಡಿದ ಒಂದು ಮಾತನ್ನೂ ನಂಬಬೇಡ. ಅಮ್ಮ ಅಲ್ಲೇ ಇದ್ದರೆ ಇವನನ್ನು ಅವಳ ಪಕ್ಕದಲ್ಲಿ ಕೂರಿಸು. ಕತ್ತಲಲ್ಲಿ ಒಬ್ಬನೇ ಬಹಳ ದಿನ ಇದ್ದಾನೆ, ಬೆಳಕು ಕೊಡು. ನನಗೆ ಏನು ಕೊಡಬೇಕೋ ಅದು ನಿನಗೆ ಬಿಟ್ಟದ್ದು. ಇವನಿಗೆ ಮಾತ್ರ ಶಾಂತಿ ಕೊಡು ತಂದೆ, ಶಾಂತಿ ಕೊಡು."